ಮಾಡಿಫೈ ಆದ ಪೋಲೋ ತಗೊಳ್ಳೋದಾ, ಸ್ಟಾಕ್ ವರ್ಟಸ್ ತಗೊಳ್ಳೋದಾ?

ಪ್ರಶ್ನೆ: ಸರ್, ನನ್ನ ವಯಸ್ಸು 29. ಊರು ದಾವಣಗೆರೆ, ಕೆಲಸ ಬೆಂಗಳೂರಿನಲ್ಲಿ. ಎರಡು ವಾರಕ್ಕೊಮ್ಮೆ ಕಾರಿನಲ್ಲೇ ಊರಿಗೆ ಹೋಗಿ ಬರುತ್ತೇನೆ. ಚಿಕ್ಕಂದಿನಿಂದಲೂ ವೇಗದ ಗಾಡಿ ಅಂದರೆ ಆಸೆ. ಈಗ ಕಣ್ಣಮುಂದೆ ಎರಡು ಸೆಕೆಂಡ್ ಹ್ಯಾಂಡ್ ಫೋಕ್ಸ್‌ವ್ಯಾಗನ್ ಗಾಡಿಗಳಿವೆ. ಒಂದು 2021ರ ಪೋಲೋ 1.0 ಟಿಎಸ್ಐ (ಟರ್ಬೋ ಪೆಟ್ರೋಲ್), ಮ್ಯಾನುಯಲ್. ರೀಮ್ಯಾಪ್ (ಶಕ್ತಿ ಹೆಚ್ಚಿಸಲು ಇಂಜಿನ್ ಕಂಪ್ಯೂಟರಿನ ಲೆಕ್ಕ ಬದಲಿಸುವುದು), ಡೌನ್‌ಪೈಪ್ (ಟರ್ಬೋದಿಂದ ಹೊಗೆ ಹೊರಹೋಗುವ ಪೈಪ್), ಏರ್ ಫಿಲ್ಟರ್, ತಗ್ಗಿಸಿದ ಸ್ಪ್ರಿಂಗ್ ಎಲ್ಲ ಹಾಕಿಸಿದ್ದಾರೆ. 140 ಎಚ್‌ಪಿ ಇದೆ ಅನ್ನುತ್ತಾರೆ. ಒಂಬತ್ತೂವರೆ ಲಕ್ಷ ಕೇಳುತ್ತಿದ್ದಾರೆ. ಇನ್ನೊಂದು 2023ರ ವರ್ಟಸ್ ಜಿಟಿ 1.5, ಡಿಎಸ್‌ಜಿ ಅಂದರೆ ಆಟೋಮ್ಯಾಟಿಕ್ ಗೇರ್, ಪೂರ್ತಿ ಸ್ಟಾಕ್, ಕಂಪನಿಯಿಂದ ಬಂದ ಹಾಗೇ ಇದೆ. ಹದಿನಾಲ್ಕು ಲಕ್ಷ. ಗೆಳೆಯರೆಲ್ಲ ಪೋಲೋ ತಗೋ, ಅದೇ ಪಿಕಪ್ ನಾಲ್ಕೂವರೆ ಲಕ್ಷ ಕಡಿಮೆಗೆ ಸಿಗುತ್ತೆ ಅಂತಾರೆ. ಅಪ್ಪ ಮಾತ್ರ ಮಾಡಿಫೈ ಗಾಡಿ ಬೇಡವೇ ಬೇಡ ಅಂತಾರೆ. ಯಾವುದು ತಗೊಳ್ಳಲಿ?

ಉತ್ತರ:

ಮೊದಲು ನಿಮ್ಮ ಗೆಳೆಯರ ಮಾತನ್ನೇ ತೆಗೆದುಕೊಳ್ಳೋಣ. ಅದು ಸುಳ್ಳೇನಲ್ಲ. ಪೋಲೋ 1.0 ಟಿಎಸ್ಐ ಕಂಪನಿಯಿಂದ ಬರುವಾಗ 110 ಪಿಎಸ್ (ಹೆಚ್ಚುಕಡಿಮೆ ಎಚ್‌ಪಿಯಷ್ಟೇ) ಶಕ್ತಿ, 175 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಇತ್ತು. ಒಳ್ಳೆಯ ರೀಮ್ಯಾಪ್ ಮಾಡಿಸಿದರೆ 130ರ ಆಚೆ ಹೋಗುತ್ತದೆ. ಗಾಡಿಯ ತೂಕ ಸುಮಾರು 1,100 ಕೆಜಿ. ವರ್ಟಸ್ ಜಿಟಿಗೆ 150 ಪಿಎಸ್, 250 ನ್ಯೂಟನ್ ಮೀಟರ್. ಆದರೆ ಅದು ಪೋಲೋಗಿಂತ ನೂರೈವತ್ತು ಕೆಜಿಯಷ್ಟು ಭಾರ. ಒಂದು ಟನ್‌ಗೆ ಎಷ್ಟು ಶಕ್ತಿ ಅಂತ ಲೆಕ್ಕ ಹಾಕಿದರೆ ಎರಡೂ 120ರ ಆಸುಪಾಸಿಗೆ ಬಂದು ನಿಲ್ಲುತ್ತವೆ. ಕಾಗದದ ಮೇಲೆ ಎರಡೂ ಸಮ. ನಾಲ್ಕೂವರೆ ಲಕ್ಷ ಉಳಿತಾಯ ಅಂದರೆ ಯಾರಿಗಾದರೂ ಮನಸ್ಸು ಎಳೆಯುತ್ತದೆ.

ಆದರೂ ನಾನು ಹೇಳುವುದು ವರ್ಟಸ್ ತಗೊಳ್ಳಿ ಅಂತ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಗ್ಯಾರೇಜಿನಲ್ಲಿ ಕಳೆದವನು ನಾನು. ಮಾಡಿಫೈ ಮಾಡಿದ ಗಾಡಿಗಳ ಮೇಲೆ ನನಗೆ ಕೋಪವಿಲ್ಲ, ನನ್ನ ಕೈಯಿಂದಲೇ ಎಷ್ಟೋ ಗಾಡಿ ಸಿದ್ಧ ಮಾಡಿ ಕಳಿಸಿದ್ದೇನೆ. ಇಲ್ಲಿ ನನ್ನ ತಕರಾರು ಬೇರೆ ಯಾರೋ ಮಾಡಿಸಿ, ಓಡಿಸಿ, ಈಗ ಮಾರುತ್ತಿರುವ ಗಾಡಿಯ ಬಗ್ಗೆ.

ಆ 140 ಎಲ್ಲಿಂದ ಬಂತು, ಅದನ್ನು ಮೊದಲು ಕೇಳಿ. ಡೈನೋ (ಗಾಡಿಯ ಶಕ್ತಿ ಅಳೆಯುವ ಯಂತ್ರ) ಮೇಲೆ ಅಳೆದಿದ್ದಾರಾ, ಇಲ್ಲ ರೀಮ್ಯಾಪ್ ಮಾಡಿದವರು ಬಾಯಲ್ಲಿ ಹೇಳಿದ್ದಾ? ಡೈನೋ ಚಕ್ರದ ಹತ್ತಿರ ಅಳೆಯುತ್ತದೆ. ಇಂಜಿನ್‌ನಿಂದ ಚಕ್ರ ತಲುಪುವಷ್ಟರಲ್ಲಿ ಶೇಕಡಾ 10ರಿಂದ 15ರಷ್ಟು ಶಕ್ತಿ ಗೇರ್ ಬಾಕ್ಸ್, ಶಾಫ್ಟ್, ಟೈರ್‌ನಲ್ಲಿ ಕಳೆದುಹೋಗಿರುತ್ತದೆ. ಅದನ್ನು ವಾಪಸ್ ಕೂಡಿಸಿ ಇಂಜಿನ್ನಿನ ಅಂಕಿ ಕೊಡುತ್ತಾರೆ. ಕೂಡಿಸುವಾಗ ಯಾವ ಲೆಕ್ಕ ಹಿಡಿದರು ಅನ್ನುವುದರ ಮೇಲೆ ಒಂದೇ ಗಾಡಿ ಒಂದು ಕಡೆ 128, ಇನ್ನೊಂದು ಕಡೆ 142 ತೋರಿಸಬಹುದು. ಹಾಗಾಗಿ ಸ್ಟಾಕ್ ಇದ್ದಾಗ ಎಷ್ಟಿತ್ತು, ಅದೇ ಡೈನೋದಲ್ಲಿ ಅದೇ ದಿನ ರೀಮ್ಯಾಪ್ ಆದ ಮೇಲೆ ಎಷ್ಟಾಯಿತು, ಎರಡೂ ಗೆರೆ ಒಂದೇ ಹಾಳೆಯಲ್ಲಿರುವ ಗ್ರಾಫ್ ಕೇಳಿ. ಅದಿಲ್ಲದಿದ್ದರೆ 140 ಬರೀ ಮಾತು.

ಇನ್ನು ನಿಮ್ಮ ದಾರಿ ನೋಡೋಣ. ಬೆಂಗಳೂರು ಬಿಟ್ಟರೆ ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ, ಆಮೇಲೆ ದಾವಣಗೆರೆ. ಸುಮಾರು 260 ಕಿಲೋಮೀಟರ್, ಪೂರ್ತಿ ರಾಷ್ಟ್ರೀಯ ಹೆದ್ದಾರಿ 48. ಈ ದಾರಿಯಲ್ಲಿ ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡ್ ಅನ್ನುವುದು ಟೋಲ್ ಗೇಟ್ ದಾಟಿದಾಗ ಬಿಟ್ಟರೆ ಬೇರೆಲ್ಲೂ ಲೆಕ್ಕಕ್ಕೆ ಬರುವುದಿಲ್ಲ. ನಿಮಗೆ ಬೇಕಾಗಿರುವುದು ಎಂಬತ್ತರಲ್ಲಿ ಹೋಗುತ್ತಿರುವಾಗ ಎರಡು ಲಾರಿಗಳನ್ನು ಸುಲಭವಾಗಿ ಹಿಂದೆ ಹಾಕುವ ಎಳೆತ. ಅದನ್ನು ಕೊಡುವುದು ಮಧ್ಯದ ಆರ್‌ಪಿಎಂನ (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವ ಲೆಕ್ಕ) ಟಾರ್ಕ್. ವರ್ಟಸ್‌ನ 1.5 ಇಂಜಿನ್ 1,600 ಆರ್‌ಪಿಎಂನಿಂದ 3,500ರವರೆಗೆ 250 ನ್ಯೂಟನ್ ಮೀಟರ್ ಹಿಡಿದಿಟ್ಟುಕೊಳ್ಳುತ್ತದೆ. ನೀವು ಆಕ್ಸಿಲರೇಟರ್ ಅನ್ನು ಸ್ವಲ್ಪ ಒತ್ತಿದರೆ ಸಾಕು, ಗಾಡಿ ತಾನಾಗಿಯೇ ಗೇರ್ ಇಳಿಸಿಕೊಂಡು ಹೋಗುತ್ತದೆ. ಅದೂ ಕಾರಿನಲ್ಲಿ ನಾಲ್ಕು ಜನ, ಡಿಕ್ಕಿ ತುಂಬ ಲಗೇಜು ಇದ್ದಾಗ.

ಟಾಪ್ ಸ್ಪೀಡ್ ಮಾತಂತೂ ಬಿಟ್ಟುಬಿಡಿ. ಇಂಥ ಹೆದ್ದಾರಿಯಲ್ಲಿ ಕಾರಿಗೆ ಮಿತಿ 100. ಕರ್ನಾಟಕದಲ್ಲಿ 2024ರ ಆಗಸ್ಟ್ 1ರಿಂದ 130 ದಾಟಿದರೆ ಎಫ್ಐಆರ್ ಹಾಕುತ್ತೇವೆ ಅಂತ ಪೊಲೀಸರು ಹೇಳಿ, ಹಾಗೇ ಮಾಡಲೂ ಶುರು ಮಾಡಿದರು. ಎರಡೂ ಗಾಡಿ ಅದನ್ನು ಸುಲಭವಾಗಿ ದಾಟುತ್ತವೆ. ದಾಟಿಸಬೇಡಿ.

ಈಗ ಮುಖ್ಯ ವಿಷಯ. ಕಂಪನಿಯವರು 150 ಪಿಎಸ್ ಗಾಡಿ ಮಾಡುವಾಗ ಇಂಜಿನ್ ಒಂದನ್ನೇ ದೊಡ್ಡದು ಮಾಡುವುದಿಲ್ಲ. ಕ್ಲಚ್, ಗೇರ್ ಬಾಕ್ಸ್, ರೇಡಿಯೇಟರ್, ಡ್ರೈವ್ ಶಾಫ್ಟ್, ಬ್ರೇಕು, ಎಲ್ಲವನ್ನೂ ಆ ಶಕ್ತಿಗೆ ಹೊಂದಿಸಿ, ಬಿಸಿಲಲ್ಲಿ ಚಳಿಯಲ್ಲಿ ಲಕ್ಷಗಟ್ಟಲೆ ಕಿಲೋಮೀಟರ್ ಓಡಿಸಿ ನೋಡಿರುತ್ತಾರೆ. ರೀಮ್ಯಾಪ್‌ನಲ್ಲಿ ಬದಲಾಗುವುದು ಇಂಜಿನ್ ಕಂಪ್ಯೂಟರಿನೊಳಗಿನ ಲೆಕ್ಕ ಮಾತ್ರ. ಟರ್ಬೋ ಒತ್ತಡ ಏರುತ್ತದೆ, ಕಿಡಿಯ ಟೈಮಿಂಗ್ ಬದಲಾಗುತ್ತದೆ, ಜಾಸ್ತಿ ಪೆಟ್ರೋಲ್ ಹೋಗುತ್ತದೆ. ಉಳಿದ ಭಾಗಗಳು ಮೊದಲಿನವೇ. ಪೋಲೋದ ಆರು ಗೇರಿನ ಬಾಕ್ಸ್ ಫೋಕ್ಸ್‌ವ್ಯಾಗನ್‌ನವರು ಎಂಕ್ಯೂ200 ಅನ್ನುವ ಜಾತಿಯದು. ಆ 200 ಅನ್ನುವುದು ಅದು ಎಷ್ಟು ಟಾರ್ಕ್ ಹೊರುತ್ತದೆ ಅನ್ನುವುದರ ಗುರುತು. ಕಂಪನಿ ಅದಕ್ಕೆ 175 ಹೊರಿಸಿತ್ತು, ಸ್ವಲ್ಪ ಜಾಗ ಉಳಿಸಿತ್ತು. ರೀಮ್ಯಾಪ್ ಮಾಡಿದವರು ಅದನ್ನು 220, 230ಕ್ಕೆ ಒಯ್ದಿದ್ದರೆ ಆ ಉಳಿಸಿದ ಜಾಗವನ್ನೂ ದಾಟಿ ಹೋಗಿದ್ದಾರೆ. ನಾಳೆಯೇ ಮುರಿದುಬೀಳುತ್ತದೆ ಅಂತಲ್ಲ. ಎಷ್ಟು ದಿನ ಅನ್ನುವುದು ಹಿಂದಿನ ಮಾಲೀಕ ಹೇಗೆ ಓಡಿಸಿದ ಅನ್ನುವುದರ ಮೇಲೆ ಹೋಗುತ್ತದೆ. ಅದು ನಿಮಗೆ ಗೊತ್ತಿಲ್ಲ.

ಬ್ರೇಕ್ ವಿಷಯ ನಾನು ಕಣ್ಣಾರೆ ಕಂಡದ್ದು. ಕೆಲವು ವರ್ಷದ ಹಿಂದೆ ನನ್ನ ಗೆಳೆಯರೊಬ್ಬರ ಜೊತೆ ಅವರ ರೀಮ್ಯಾಪ್ ಮಾಡಿದ ಹ್ಯಾಚ್‌ಬ್ಯಾಕ್‌ನಲ್ಲಿ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆವು. ಮೂಡಿಗೆರೆ ದಾಟುವವರೆಗೂ ಗಾಡಿ ಎಷ್ಟು ಚೆನ್ನಾಗಿ ಎಳೆಯಿತು ಅಂದರೆ ನನಗೂ ಖುಷಿಯಾಗಿತ್ತು. ಘಾಟಿಯಲ್ಲಿ ಪ್ರತಿ ನೇರ ತುಂಡಿಗೂ ಅವರು ಒತ್ತುವುದು, ಪ್ರತಿ ತಿರುವಿಗೂ ಗಟ್ಟಿಯಾಗಿ ಬ್ರೇಕ್ ಹಿಡಿಯುವುದು. ಅರ್ಧ ದಾರಿ ಇಳಿದಿರಬೇಕು. ಒಂದು ತಿರುವಿನ ಮುಂದೆ ಪೆಡಲ್ ಮೆತ್ತಗೆ ಒಳಗೆ ಹೋಯಿತು. ಸ್ಪಂಜು ತುಳಿದ ಹಾಗೆ. ಅವರ ಮುಖ ಬಿಳಿಚಿತು. ಎರಡನೇ ಗೇರಿಗೆ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ಹೇಗೋ ಕಲ್ಲು ಗೋಡೆಯ ಪಕ್ಕ ನಿಲ್ಲಿಸಿದರು. ಇಳಿದು ನೋಡಿದರೆ ಮುಂದಿನ ಚಕ್ರದಿಂದ ಸುಟ್ಟ ವಾಸನೆ, ತೆಳ್ಳಗೆ ಹೊಗೆ. ಮುಕ್ಕಾಲು ಗಂಟೆ ಅಲ್ಲೇ ಕೂತೆವು. ಆಮೇಲೆ ಪೆಡಲ್ ತಾನಾಗಿಯೇ ಗಟ್ಟಿಯಾಯಿತು.

ಆಗಿದ್ದು ಇಷ್ಟೇ. ಡಾಟ್ 4 ಅನ್ನುವ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯುವುದಿಲ್ಲ. ಆದರೆ ಅದು ಗಾಳಿಯ ತೇವ ಹೀರುತ್ತಾ ಹೋಗುತ್ತದೆ. ತೇವ ಸೇರಿದ ಮೇಲೆ 155 ಡಿಗ್ರಿಗೇ ಕುದಿಯಬಹುದು. ಕುದ್ದಾಗ ಗುಳ್ಳೆ ಏಳುತ್ತದೆ, ಗುಳ್ಳೆಯನ್ನು ಒತ್ತಿದರೆ ಬ್ರೇಕ್ ಹಿಡಿಯುವುದಿಲ್ಲ. ಅವರು ರೀಮ್ಯಾಪ್‌ಗೆ, ಸೈಲೆನ್ಸರ್‌ಗೆ ದುಡ್ಡು ಸುರಿದಿದ್ದರು. ಬ್ರೇಕ್ ಆಯಿಲ್ ಮಾತ್ರ ನಾಲ್ಕು ವರ್ಷದಿಂದ ಬದಲಿಸಿರಲಿಲ್ಲ. ನಾನೂ ಹೊರಡುವ ಮುಂಚೆ ಕೇಳಲಿಲ್ಲ. ಆ ತಿರುವು ಇವತ್ತಿಗೂ ನನ್ನ ಕಣ್ಣಮುಂದೆ ಬರುತ್ತದೆ.

ನಿಮ್ಮ ಪ್ರಶ್ನೆಯಲ್ಲಿ ರೀಮ್ಯಾಪ್, ಡೌನ್‌ಪೈಪ್, ಫಿಲ್ಟರ್, ಸ್ಪ್ರಿಂಗ್ ಅಂತ ಬರೆದಿದ್ದೀರಿ. ಬ್ರೇಕು, ಟೈರಿನ ಹೆಸರೇ ಇಲ್ಲ. ಈ ಪಟ್ಟಿ ಓದಿಯೇ ನನಗೆ ಅರ್ಧ ಉತ್ತರ ಸಿಕ್ಕಿತು. ಗೊತ್ತಿದ್ದು ಮಾಡಿಸುವವರು ಮೊದಲು ಟೈರು, ಆಮೇಲೆ ಬ್ರೇಕ್ ಪ್ಯಾಡು ಮತ್ತು ಆಯಿಲ್, ಆಮೇಲೆ ಶಾಕ್ ಅಬ್ಸಾರ್ಬರ್, ಕೊನೆಗೆ ಇಂಜಿನ್ ಮುಟ್ಟುತ್ತಾರೆ. ಚಿಕ್ಕಮಗಳೂರಿನ ಕಾಫಿ ತೋಟಗಳ ರ‍್ಯಾಲಿ ನೋಡಿದ್ದರೆ ನಿಮಗೇ ಗೊತ್ತಿರುತ್ತದೆ. ಅಲ್ಲಿ ಓಡಿದ ಪೋಲೋಗಳ ಸಸ್ಪೆನ್ಷನ್, ಟೈರಿನ ಮೇಲೆ ತಂಡದವರು ಎಷ್ಟು ತಲೆ ಕೆಡಿಸಿಕೊಳ್ಳುತ್ತಾರೆ ಅಂತ. ಬರೀ ಸ್ಪ್ರಿಂಗ್ ತಗ್ಗಿಸಿ, ಶಾಕ್ ಅಬ್ಸಾರ್ಬರ್ ಹಳೆಯದೇ ಬಿಟ್ಟಿದ್ದರೆ ಗಾಡಿ ನೋಡಲು ಚೆಂದ, ಹಂಪ್ ಮೇಲೆ ಕುಟ್ಟಿಕೊಂಡು ಆ ಶಾಕ್‌ಗಳು ಬೇಗ ಸಾಯುತ್ತವೆ.

ಹಾಗಂತ ವರ್ಟಸ್‌ನಲ್ಲಿ ಕೊರತೆಯೇ ಇಲ್ಲ ಅನ್ನುತ್ತಿಲ್ಲ. 150 ಪಿಎಸ್ ಗಾಡಿಗೆ ಹಿಂದೆ ಡಿಸ್ಕ್ ಕೊಡದೆ ಡ್ರಮ್ ಬ್ರೇಕ್ ಕೊಟ್ಟಿದ್ದು ನನಗೆ ಇವತ್ತಿಗೂ ಹಿಡಿಸಿಲ್ಲ. ಅದರ ಏಳು ಗೇರಿನ ಡಿಎಸ್‌ಜಿ ಒಣ ಕ್ಲಚ್ಚಿನದು (ಕ್ಲಚ್ ತಣ್ಣಗಿಡಲು ಸುತ್ತ ಆಯಿಲ್ ಇರುವುದಿಲ್ಲ), ಹೆಸರು ಡಿಕ್ಯೂ200. ಸಿಲ್ಕ್ ಬೋರ್ಡ್, ಹೆಬ್ಬಾಳದ ಟ್ರಾಫಿಕ್‌ನಲ್ಲಿ ಇಂಚಿಂಚೇ ಮುಂದೆ ಹೋಗುವಾಗ ಕ್ಲಚ್ ಉಜ್ಜುತ್ತಾ ಬಿಸಿಯಾಗುತ್ತದೆ. ಮುಂದಿನ ಗಾಡಿಗೂ ನಿಮಗೂ ಸ್ವಲ್ಪ ಜಾಗ ಬಿಟ್ಟು, ಆಮೇಲೆ ಒಂದೇ ಸಲ ಬ್ರೇಕ್ ಬಿಟ್ಟು ಹೋಗುವ ಅಭ್ಯಾಸ ಮಾಡಿಕೊಳ್ಳಿ. ಇನ್ನೊಂದು ಮಾತು, ಆ ಗೇರ್ ಬಾಕ್ಸ್ ಹೊರಬಲ್ಲದ್ದೇ 250 ನ್ಯೂಟನ್ ಮೀಟರ್. ಕಂಪನಿಯೇ ಅದನ್ನು ಪೂರ್ತಿ ಬಳಸಿದೆ. ಹಾಗಾಗಿ ತಗೊಂಡ ಮೇಲೆ ವರ್ಟಸ್‌ಗೂ ಒಂದು ರೀಮ್ಯಾಪ್ ಹಾಕಿಸೋಣ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಗೇರ್ ಬಾಕ್ಸ್ ಕೆಟ್ಟರೆ ಖರ್ಚು ಲಕ್ಷದಲ್ಲೇ.

ವರ್ಟಸ್ ಪರವಾಗಿ ಇನ್ನೊಂದಿದೆ. ಫೋಕ್ಸ್‌ವ್ಯಾಗನ್ ವಾರಂಟಿ ನಾಲ್ಕು ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರ್, ಯಾವುದು ಮೊದಲೋ ಅದು. 2023ರ ಗಾಡಿಗೆ 2027ರವರೆಗೆ ಇರುತ್ತದೆ, ಕಿಲೋಮೀಟರ್ ಮೀರದಿದ್ದರೆ. ಶೋರೂಮಿನಲ್ಲಿ ನಂಬರ್ ಕೊಟ್ಟು ಖಾತ್ರಿ ಮಾಡಿಕೊಳ್ಳಿ. ಅಪಘಾತದಲ್ಲಿ ಕಾಪಾಡುವ ವಿಷಯಕ್ಕೆ ಬಂದರೆ, 2023ರಲ್ಲಿ ಕಾರುಗಳನ್ನು ಗುದ್ದಿಸಿ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ವರ್ಟಸ್‌ಗೆ ಐದು ಸ್ಟಾರ್ ಕೊಟ್ಟಿತು. ಪೋಲೋಗೆ 2014ರಲ್ಲಿ, ಎರಡು ಏರ್‌ಬ್ಯಾಗ್ ಇದ್ದಾಗ, ನಾಲ್ಕು ಸ್ಟಾರ್ ಬಂದಿತ್ತು. ಪೋಲೋ ಆ ಕಾಲಕ್ಕೆ ಗಟ್ಟಿ ಗಾಡಿಯೇ. ಆದರೆ ಇವೆರಡರ ನಡುವೆ ಒಂದು ತಲೆಮಾರಿನ ಅಂತರ ಇದೆ. ಅಪ್ಪ ಅಮ್ಮನನ್ನೂ ಇದರಲ್ಲೇ ಕೂರಿಸಿಕೊಂಡು ಹೋಗುವವರು ನೀವು, ಅಲ್ವಾ?

ಕಾನೂನು ಕೂಡ ನಿಮ್ಮ ಅಪ್ಪನ ಕಡೆಯೇ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಮೂಲತಃ ಕೊಟ್ಟಿದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷ ಆದ ತಿದ್ದುಪಡಿಯಲ್ಲಿ, ಅನುಮತಿ ಇಲ್ಲದೆ ಗಾಡಿ ಬದಲಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು ಅಥವಾ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಂತ ಬಂತು. ಶಬ್ದ, ಹೊಗೆಯ ಮಿತಿ ಮೀರಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಇದೆ. ಡೌನ್‌ಪೈಪ್ ಬದಲಿಸುವಾಗ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು ಹಾಕಿರುತ್ತಾರೆ, ಬಹಳ ಗಾಡಿಗಳಲ್ಲಿ. ಅದು ದೊಡ್ಡ ತಪ್ಪು. ಬರೀ ದಂಡದ ಪ್ರಶ್ನೆ ಅಲ್ಲ ಅದು, ಹಿಂದೆ ಬರುವ ಬೈಕಿನವರು ಆ ಹೊಗೆ ಕುಡಿಯಬೇಕು.

ಜನ ಸಾಮಾನ್ಯವಾಗಿ ಪೊಲೀಸರಿಗೆ ಹೆದರುತ್ತಾರೆ. ನಾನಾಗಿದ್ದರೆ ಇನ್ಶೂರೆನ್ಸ್‌ಗೆ ಜಾಸ್ತಿ ಹೆದರುತ್ತೇನೆ. ಗಾಡಿಯಲ್ಲಿ ಏನು ಬದಲಾಗಿದೆ ಅಂತ ಇನ್ಶೂರೆನ್ಸ್ ಕಂಪನಿಗೆ ತಿಳಿಸದೆ ಪಾಲಿಸಿ ಮಾಡಿಸಿ, ಆಮೇಲೆ ದೊಡ್ಡ ಅಪಘಾತವಾದರೆ ಸರ್ವೇಯರ್ ಬಂದು ನೋಡುತ್ತಾರೆ. ಬಾನೆಟ್ ಎತ್ತಿದರೆ ಬಣ್ಣದ ಏರ್ ಪೈಪ್ ಕಾಣುತ್ತದೆ. ಕ್ಲೇಮ್ ಕಡಿತ ಮಾಡಲು, ತಿರಸ್ಕರಿಸಲು ಅವರಿಗೆ ಕಾರಣ ಸಿಕ್ಕಿದ ಹಾಗೆ. ಅಂದಹಾಗೆ, ಯಾವ ಗಾಡಿ ತಗೊಂಡರೂ 14 ದಿನದೊಳಗೆ ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಹಾಕಿ. ಆರ್‌ಸಿ ವರ್ಗಾವಣೆಯ ಗಡಿಬಿಡಿಯಲ್ಲಿ ಇದನ್ನು ಮರೆಯುವವರು ಬಹಳ.

ಪೆಟ್ರೋಲ್ ಬಗ್ಗೆಯೂ ಕೇಳಿ. ಹೆಚ್ಚು ಒತ್ತಡದ ರೀಮ್ಯಾಪ್‌ಗಳನ್ನು ಹೆಚ್ಚು ಆಕ್ಟೇನ್‌ನ, ಅಂದರೆ ತಾನಾಗಿಯೇ ಬೇಗ ಹೊತ್ತಿಕೊಳ್ಳದ ಪ್ರೀಮಿಯಂ ಪೆಟ್ರೋಲಿನ ಲೆಕ್ಕದಲ್ಲಿ ಬರೆದಿರುವುದುಂಟು.  ರಾತ್ರಿ ಹನ್ನೊಂದಕ್ಕೆ ಹಿರಿಯೂರಿನ ಹತ್ತಿರ ಟ್ಯಾಂಕ್ ಖಾಲಿಯಾಗಿ, ಅದು ಸಿಗದೆ ಮಾಮೂಲಿ ಪೆಟ್ರೋಲ್ ಹಾಕಿಸಿದಿರಿ ಅಂದುಕೊಳ್ಳಿ. ಇಂಜಿನ್ ಒಳಗೆ ಕಿಡಿಯ ಬೆಂಕಿ ತಲುಪುವ ಮುಂಚೆಯೇ ಉಳಿದ ಪೆಟ್ರೋಲ್ ತಾನಾಗಿಯೇ ಹೊತ್ತಿಕೊಳ್ಳಲು ನೋಡುತ್ತದೆ. ನಾಕಿಂಗ್ ಅನ್ನುತ್ತೇವಲ್ಲ, ಅದು. ಸೆನ್ಸರ್ ಕೇಳಿಸಿಕೊಂಡು ಟೈಮಿಂಗ್ ಹಿಂದಕ್ಕೆ ತರುತ್ತದೆ. ಆಗ ನೀವು ದುಡ್ಡು ಕೊಟ್ಟ ಆ ಹೆಚ್ಚಿನ ಶಕ್ತಿಯೂ ಹೋಯಿತು. ಚೆನ್ನಾಗಿ ಬರೆಯದ ರೀಮ್ಯಾಪ್ ಆಗಿದ್ದರೆ ಪಿಸ್ಟನ್‌ಗೂ ಏಟು.

ಇಷ್ಟೆಲ್ಲ ಹೇಳಿದ ಮೇಲೂ ನಿಮ್ಮ ಮನಸ್ಸು ಪೋಲೋ ಮೇಲೇ ಇದ್ದರೆ ನನಗೆ ಅರ್ಥವಾಗುತ್ತದೆ. ಅದರ ಸ್ಟೇರಿಂಗು, ಆ ಚಿಕ್ಕ ಗಾತ್ರ, ಬಾಗಿಲು ಹಾಕಿದಾಗ ಬರುವ ಆ ಗಟ್ಟಿ ಸದ್ದು, ಯಾರಿಗೆ ಇಷ್ಟವಾಗಲ್ಲ? 2022ರಲ್ಲಿ ಇಲ್ಲಿ ಅದರ ತಯಾರಿಕೆ ನಿಲ್ಲಿಸಿದಾಗ ನನಗೂ ಬೇಜಾರಾಯಿತು. ಹಾಗಿದ್ದರೆ ಸ್ಟಾಕ್ ಆಗಿರುವ ಪೋಲೋ 1.0 ಟಿಎಸ್ಐ ಹುಡುಕಿ. ಒಬ್ಬರೇ ಓಡಿಸಿದ್ದು, ಸರ್ವಿಸ್ ಹಿಸ್ಟರಿ ಪೂರ್ತಿ ಇರುವುದು. ಅದಕ್ಕೆ ಅದೇ ಅಳತೆಯ ಒಳ್ಳೆಯ ಟೈರು, ಹೊಸ ಬ್ರೇಕ್ ಆಯಿಲ್, ಒಳ್ಳೆಯ ಪ್ಯಾಡು, ಹೊಸ ಶಾಕ್ ಅಬ್ಸಾರ್ಬರ್ ಹಾಕಿಸಿ. ಇದ್ಯಾವುದಕ್ಕೂ ಕಾನೂನಿನ ತೊಂದರೆ ಇಲ್ಲ. 110 ಪಿಎಸ್ ಆ ಗಾಡಿಗೆ ಕಡಿಮೆಯೇನಲ್ಲ. ಟರ್ಬೋ ಇಂಜಿನ್ ಆದ್ದರಿಂದ 900 ಮೀಟರ್‌ಗಿಂತ ಎತ್ತರದ ಬೆಂಗಳೂರಿನ ತೆಳು ಗಾಳಿಯಲ್ಲೂ ಸೊರಗುವುದಿಲ್ಲ. ಟ್ರ್ಯಾಕ್‌ನಲ್ಲಿ ಓಡಿಸುವ ಆಸೆ ಇದ್ದರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೆ ಟ್ರ್ಯಾಕ್ ಇವೆ. ಅಲ್ಲಿ ಒಂದು ದಿನ ಒಳ್ಳೆಯ ಟೈರಿನ ಸ್ಟಾಕ್ ಗಾಡಿ ಓಡಿಸಿದರೆ ಸಿಗುವ ಖುಷಿ ಹೆದ್ದಾರಿಯಲ್ಲಿ ಯಾವತ್ತೂ ಸಿಗುವುದಿಲ್ಲ.

ಆ ಮಾಡಿಫೈ ಪೋಲೋ ನೋಡಲು ನೀವು ಹೋಗಿಯೇ ಹೋಗುತ್ತೀರಿ, ಅದು ನನಗೆ ಗೊತ್ತು. ಹೋಗುವುದಾದರೆ ಬೆಳಿಗ್ಗೆ ಹೋಗಿ, ಗಾಡಿ ಸ್ಟಾರ್ಟ್ ಮಾಡಿ ಇಡಬೇಡಿ ಅಂತ ಮುಂಚೆಯೇ ಹೇಳಿ. ಮೊದಲು ಬಾನೆಟ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ತಣ್ಣಗಿನ ಇಂಜಿನ್ನಿನ ಸದ್ದು ನಿಮಗೆ ಕೇಳಿಸಬಾರದು ಅಂತ ಯಾರೋ ಬಯಸಿದ್ದಾರೆ. ಸ್ಟಾರ್ಟ್ ಆದ ಮೇಲೆ ಸೈಲೆನ್ಸರ್ ಹಿಂದೆ ನಿಂತು ಹೊಗೆ ನೋಡಿ, ನೀಲಿ ಇದ್ದರೆ ಆಯಿಲ್ ಸುಡುತ್ತಿದೆ. ಟರ್ಬೋಗೆ ಸೇರುವ ಪೈಪಿನ ಜೋಡಣೆಗಳ ಮೇಲೆ ಬೆರಳಾಡಿಸಿ. ಸ್ವಲ್ಪ ಜಿಡ್ಡು ಪರವಾಗಿಲ್ಲ, ತೊಟ್ಟಿಕ್ಕುವಷ್ಟು ಇರಬಾರದು. ಖಾಲಿ ರಸ್ತೆಗೆ ಬಂದ ಮೇಲೆ ನಾಲ್ಕನೇ ಗೇರಿನಲ್ಲಿ ನಲವತ್ತರಲ್ಲಿ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿ. ಟರ್ಬೋ ಹಿಡಿದ ಕ್ಷಣ ಆರ್‌ಪಿಎಂ ಮುಳ್ಳು ಜಿಗಿದು, ಗಾಡಿ ಅಷ್ಟು ಮುಂದೆ ಹೋಗದಿದ್ದರೆ ಕ್ಲಚ್ ಜಾರುತ್ತಿದೆ.

ಜೊತೆಗೆ ಸ್ಕ್ಯಾನರ್ ಇರುವ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋಗಿ. ಎರರ್ ಕೋಡ್ (ಗಾಡಿಯ ಕಂಪ್ಯೂಟರ್ ಬರೆದಿಟ್ಟ ದೋಷದ ಗುರುತು) ಇಲ್ಲ ಅಂದಮಾತ್ರಕ್ಕೆ ಸಮಾಧಾನ ಪಡಬೇಡಿ. ಕಂಪ್ಯೂಟರ್ ತನ್ನ ಸ್ವಂತ ಪರೀಕ್ಷೆಗಳನ್ನು ಮುಗಿಸಿದೆಯಾ ಅಂತ ತೋರಿಸುವ ರೆಡಿನೆಸ್ ಮಾನಿಟರ್ ಅಂತ ಒಂದು ಪುಟ ಇರುತ್ತದೆ, ಅದನ್ನು ತೆಗೆಸಿ. ಅಲ್ಲಿ ಸುಮಾರು ಸಾಲುಗಳು ಇನ್ನೂ ಸಿದ್ಧವಾಗಿಲ್ಲ ಅಂತ ತೋರಿಸಿದರೆ ನಿನ್ನೆ ಮೊನ್ನೆಯೇ ಯಾರೋ ಕೋಡ್ ಅಳಿಸಿರಬಹುದು. ಮಾರುವವರು ರೀಮ್ಯಾಪ್ ತೆಗೆಸಿ ಸ್ಟಾಕ್ ಮಾಡಿಕೊಡುತ್ತೇನೆ ಅಂದರೂ ಅಷ್ಟಕ್ಕೇ ಮುಗಿಯಲಿಲ್ಲ. ಇಂಜಿನ್ ಕಂಪ್ಯೂಟರ್ ತನ್ನಲ್ಲಿ ಎಷ್ಟು ಸಲ ಹೊಸದಾಗಿ ಬರೆಯಲಾಗಿದೆ ಅಂತ ಎಣಿಸಿಟ್ಟುಕೊಳ್ಳುತ್ತದೆ. ಫೋಕ್ಸ್‌ವ್ಯಾಗನ್ ಸರ್ವಿಸ್‌ನವರು ಒಮ್ಮೆ ಅದನ್ನು ಕಂಡು ಗುರುತು ಹಾಕಿದರೆ ಇಂಜಿನ್, ಗೇರ್ ಬಾಕ್ಸ್ ವಾರಂಟಿ ಕೇಳಿದಾಗ ಅದು ಅಡ್ಡ ಬರುತ್ತದೆ.

ಕೊನೆಗೆ ಒಂದು ಪ್ರಶ್ನೆ ಕೇಳಿ: ಬಿಚ್ಚಿದ ಸ್ಟಾಕ್ ಡೌನ್‌ಪೈಪ್, ಏರ್ ಬಾಕ್ಸ್, ಸ್ಪ್ರಿಂಗ್ ಎಲ್ಲಿವೆ? ಗಾಡಿಯನ್ನು ಪ್ರೀತಿಯಿಂದ ನೋಡಿಕೊಂಡವರು ಅವನ್ನು ಗೋಣಿಚೀಲದಲ್ಲಿ ಸುತ್ತಿ ಮನೆಯ ಯಾವುದಾದರೂ ಮೂಲೆಯಲ್ಲಿ ಇಟ್ಟಿರುತ್ತಾರೆ, ಬಿಲ್ ಸಮೇತ. ಹಾಗೆ ತಂದು ಮುಂದೆ ಇಟ್ಟರೆ ಎಲ್ಲವನ್ನೂ ವಾಪಸ್ ಹಾಕಿಸುವ ಖರ್ಚು, ಹೊಸ ಕ್ಲಚ್ಚಿನ ಖರ್ಚು ಎರಡನ್ನೂ ಒಂಬತ್ತೂವರೆ ಲಕ್ಷದಲ್ಲಿ ಕಳೆದು ಮಾತಾಡಿ. ಮಾರಿಬಿಟ್ಟೆ, ಎಲ್ಲಿ ಹೋಯಿತೋ ಗೊತ್ತಿಲ್ಲ ಅಂದರೆ ಕಾಫಿ ಕುಡಿದು, ಥ್ಯಾಂಕ್ಸ್ ಹೇಳಿ, ವರ್ಟಸ್ ಮಾಲೀಕರಿಗೆ ಫೋನ್ ಮಾಡಿ.